ಫೇಲ್‌ಟುಬ್ಯಾನ್ ಹಾಕಿದ್ದೀರಿ, ಬ್ಲಾಕ್ ನಿಜವಾಗಿ ಬೀಳುತ್ತಿದೆಯೇ?

ಪಬ್ಲಿಕ್ ಐಪಿ ಇರುವ ಯಾವುದೇ ಲಿನಕ್ಸ್ ಸರ್ವರ್‌ನಲ್ಲಿ ಎಸ್‌ಎಸ್‌ಎಚ್‌ನ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) 22ನೇ ಪೋರ್ಟ್ ತೆರೆದಿಟ್ಟು ಲಾಗ್ ನೋಡಿ. ರೂಟ್, ಅಡ್ಮಿನ್, ಉಬುಂಟು, ಟೆಸ್ಟ್, ಪೋಸ್ಟ್‌ಗ್ರೆಸ್, ಒರಾಕಲ್ ಎಂಬ ಹೆಸರುಗಳಲ್ಲಿ ಹಗಲು ರಾತ್ರಿ ಲಾಗಿನ್ ಪ್ರಯತ್ನ ನಡೆಯುತ್ತಲೇ ಇರುತ್ತದೆ. ಯಾರೋ ನಿಮ್ಮನ್ನೇ ಗುರಿ ಮಾಡಿದ್ದಾರೆ ಅಂತೇನಲ್ಲ. ಬಾಟ್‌ಗಳು ಐಪಿವಿ4 ವಿಳಾಸಗಳನ್ನು ಒಂದೂ ಬಿಡದೆ ತಟ್ಟುತ್ತಾ ಹೋಗುತ್ತವೆ, ನಿಮ್ಮದೂ ಅದರಲ್ಲಿ ಒಂದು. ಇದಕ್ಕೆ ಹೆಚ್ಚಿನವರು ಹಾಕುವ ಮದ್ದು ಫೇಲ್‌ಟುಬ್ಯಾನ್. ಪೈಥಾನ್‌ನಲ್ಲಿ ಬರೆದ ಈ ಪ್ರೋಗ್ರಾಂ 2004ರಿಂದ ಇದೆ, ಸಿರಿಲ್ ಜಾಕಿಯೆ ಶುರು ಮಾಡಿದ್ದು. ಅದು ಮಾಡುವುದು ಮೂರೇ ಕೆಲಸ: ಲಾಗ್ ಓದುವುದು, ಒಂದು ಐಪಿಯಿಂದ ಎಷ್ಟು ತಪ್ಪು ಬಂತೆಂದು ಎಣಿಸುವುದು, ಮಿತಿ ದಾಟಿದರೆ ಫೈರ್‌ವಾಲ್‌ಗೆ ಆ ಐಪಿ ಸೇರಿಸುವುದು.

ಹಾಕುವುದು ಸುಲಭ, ಐದು ನಿಮಿಷದ ಕೆಲಸ. ಆದರೆ ಈ ಮೂರು ಕೊಂಡಿಗಳಲ್ಲಿ ಯಾವುದು ಕಳಚಿದರೂ ಎಲ್ಲೂ ಎರರ್ ಕಾಣಿಸದಿರಬಹುದು. ಸರ್ವಿಸ್ ಸ್ಟೇಟಸ್ ಹಸಿರಾಗಿಯೇ ಇರುತ್ತದೆ, ಒಂದು ಪ್ಯಾಕೆಟ್ಟೂ ತಡೆದಿರುವುದಿಲ್ಲ. ಹಾಗಾಗಿ ಈ ಬರಹ ಇನ್‌ಸ್ಟಾಲ್ ಮಾಡುವ ಬಗ್ಗೆ ಕಡಿಮೆ, ಎಲ್ಲಿ ಸದ್ದಿಲ್ಲದೆ ಕೆಡುತ್ತದೆ ಎನ್ನುವುದರ ಬಗ್ಗೆ ಹೆಚ್ಚು. ಕಮಾಂಡ್‌ಗಳನ್ನು ಓದಲಿಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಎಲ್ಲಕ್ಕಿಂತ ಮೊದಲು ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ, ಕೀ (ಪಾಸ್‌ವರ್ಡ್ ಬದಲು ಬಳಸುವ ಗುಪ್ತ ಫೈಲ್) ಮಾತ್ರ ಇಡಿ. ಪಾಸ್‌ವರ್ಡೇ ಇಲ್ಲದ ಕಡೆ ಪಾಸ್‌ವರ್ಡ್ ಊಹಿಸುವವನು ಎಷ್ಟು ದಿನ ತಟ್ಟಿದರೂ ಒಳಗೆ ಬರಲಾರ. ಆಮೇಲೆ ಬ್ಯಾನ್ ಮಾಡುವುದು ಲಾಗ್ ಚೊಕ್ಕಟವಾಗಿರಲಿ, ಸಿಪಿಯು ಮತ್ತು ಕನೆಕ್ಷನ್ ಸ್ಲಾಟ್‌ಗಳು ವ್ಯರ್ಥವಾಗದಿರಲಿ ಎಂದು. ಫೇಲ್‌ಟುಬ್ಯಾನ್ ಇದೆಯಲ್ಲ ಎಂದು ದುರ್ಬಲ ಪಾಸ್‌ವರ್ಡ್ ಉಳಿಸಿಕೊಳ್ಳುವುದು ತಪ್ಪು ಲೆಕ್ಕ: ಸಾವಿರ ಐಪಿ ಇರುವ ಬಾಟ್‌ನೆಟ್ ಪ್ರತಿ ಐಪಿಯಿಂದ ನಾಲ್ಕು ಸಲ ಪ್ರಯತ್ನಿಸಿದರೆ, ಐದರ ಮಿತಿಗೆ ಅದು ಸಿಕ್ಕುವುದೇ ಇಲ್ಲ.

ಇನ್ನು ಸೆಟ್ಟಿಂಗ್. ಯಾವ ಲಾಗ್ ಓದಬೇಕು, ಎಷ್ಟು ತಪ್ಪಿಗೆ ಎಷ್ಟು ಹೊತ್ತು ಬ್ಯಾನ್ ಎಂಬ ನಿಯಮಗಳ ಒಂದು ಗುಂಪಿಗೆ ಇಲ್ಲಿ ಜೈಲ್ ಎಂದು ಹೆಸರು. ಜೈಲ್.ಕಾನ್ಫ್ ಫೈಲನ್ನು ಮುಟ್ಟಬೇಡಿ, ಪ್ಯಾಕೇಜ್ ಅಪ್‌ಡೇಟ್ ಆದಾಗ ನಿಮ್ಮ ಬದಲಾವಣೆ ಅಳಿಸಿಹೋಗಬಹುದು. ಜೈಲ್.ಲೋಕಲ್ ಎಂಬ ಹೊಸ ಫೈಲ್ ಮಾಡಿ, ಬದಲಿಸಬೇಕಾದ ಸಾಲುಗಳನ್ನು ಮಾತ್ರ ಅದರಲ್ಲಿ ಬರೆಯಿರಿ. ಡೀಫಾಲ್ಟ್ ಲೆಕ್ಕ ಹೀಗಿದೆ: ಫೈಂಡ್‌ಟೈಮ್ 10 ನಿಮಿಷ, ಮ್ಯಾಕ್ಸ್‌ರಿಟ್ರೈ 5, ಬ್ಯಾನ್‌ಟೈಮ್ 10 ನಿಮಿಷ. ಅಂದರೆ 10 ನಿಮಿಷದೊಳಗೆ 5 ತಪ್ಪಾದರೆ 10 ನಿಮಿಷ ಹೊರಗೆ. ಇವತ್ತಿನ ಬಾಟ್‌ಗಳಿಗೆ ಇದು ಬಹಳ ಸಡಿಲ. ಎಷ್ಟೋ ಬಾಟ್‌ಗಳು ಬೇಕೆಂದೇ ನಾಲ್ಕೈದು ನಿಮಿಷಕ್ಕೊಮ್ಮೆ ಬರುತ್ತವೆ. ಕೀ ಮಾತ್ರ ಇರುವ ಎಸ್‌ಎಸ್‌ಎಚ್‌ಗೆ ಫೈಂಡ್‌ಟೈಮ್ 1 ದಿನ, ಬ್ಯಾನ್‌ಟೈಮ್ 1 ಗಂಟೆ ಇಟ್ಟು, ಬ್ಯಾನ್‌ಟೈಮ್.ಇನ್‌ಕ್ರಿಮೆಂಟ್ ಆನ್ ಮಾಡುವುದು ನನಗೆ ಸರಿ ಅನ್ನಿಸುತ್ತದೆ. 0.11 ಆವೃತ್ತಿಯಿಂದ ಬಂದ ಈ ಸೌಲಭ್ಯದಲ್ಲಿ, ಅದೇ ಐಪಿ ಮತ್ತೆ ಸಿಕ್ಕಿಬಿದ್ದಾಗಲೆಲ್ಲ ಶಿಕ್ಷೆಯ ಅವಧಿ ಇಮ್ಮಡಿಯಾಗುತ್ತಾ ಹೋಗುತ್ತದೆ. ಬ್ಯಾನ್‌ಟೈಮ್.ಮ್ಯಾಕ್ಸ್‌ಟೈಮ್ ಒಂದು ವಾರಕ್ಕೆ ನಿಲ್ಲಿಸಿ. ಬ್ಯಾನ್‌ಟೈಮ್.ಆರ್‌ಎನ್‌ಡಿಟೈಮ್‌ಗೆ ಕೆಲವು ನಿಮಿಷ ಕೊಟ್ಟರೆ, ಬ್ಯಾನ್ ಯಾವ ಕ್ಷಣಕ್ಕೆ ಮುಗಿಯುತ್ತದೆಂದು ಬಾಟ್ ಲೆಕ್ಕ ಹಾಕಲಾಗದು.

ಶಾಶ್ವತ ಬ್ಯಾನ್ ಬೇಡವೇ ಬೇಡ. ಇವತ್ತು ಬಾಟ್ ಕೂತಿರುವ ಕ್ಲೌಡ್ ಐಪಿ ಮುಂದಿನ ತಿಂಗಳು ಇನ್ಯಾರದೋ ಕೈಗೆ ಹೋಗುತ್ತದೆ. ಪಟ್ಟಿ ಬೆಳೆಯುತ್ತದೆ, ಅದರಲ್ಲಿ ನಿಜವಾದ ದಾಳಿಕೋರರ ಪಾಲು ಕಡಿಮೆಯಾಗುತ್ತಾ ಬರುತ್ತದೆ.

ರೆಸಿಡಿವ್ ಎಂಬ ಜೈಲ್ ಬಳಸುವವರು ಎರಡು ವಿಷಯ ಗಮನಿಸಿ. ಅದು ಫೇಲ್‌ಟುಬ್ಯಾನ್‌ನದೇ ಲಾಗ್ ಓದಿ, ಪದೇ ಪದೇ ಬ್ಯಾನ್ ಆದವರನ್ನು ದೀರ್ಘ ಕಾಲ ಹೊರಗಿಡುತ್ತದೆ. ಡೇಟಾಬೇಸ್ ಹಳೆಯ ದಾಖಲೆ ಅಳಿಸುವ ಡಿಬಿಪರ್ಜ್‌ಏಜ್ ಡೀಫಾಲ್ಟ್ ಆಗಿ ಒಂದೇ ದಿನ; ಅದನ್ನು ನಿಮ್ಮ ಅತಿ ದೀರ್ಘ ಅವಧಿಗಿಂತ ಹೆಚ್ಚಿಸಬೇಕು. ಲಾಗ್‌ಲೆವೆಲ್ ಡೀಬಗ್‌ನಲ್ಲಿದ್ದರೆ ಈ ಜೈಲ್ ತಾನು ಬರೆದದ್ದನ್ನು ತಾನೇ ಓದುತ್ತಾ ಕೊನೆಯಿಲ್ಲದೆ ಸುತ್ತಬಹುದು.

ಲಾಗ್ ಓದುತ್ತಿದೆಯೇ?

ಡೆಬಿಯನ್ 12ರಿಂದ ಆರ್‌ಸಿಸ್‌ಲಾಗ್ (ಲಾಗನ್ನು ಫೈಲ್‌ಗಳಿಗೆ ಬರೆಯುವ ಪ್ರೋಗ್ರಾಂ) ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ. ಹಾಗಾಗಿ ಆತ್.ಲಾಗ್ ಫೈಲೇ ಇರುವುದಿಲ್ಲ, ಎಲ್ಲವೂ ಸಿಸ್ಟಮ್‌ಡಿ ಜರ್ನಲ್‌ಗೆ ಹೋಗುತ್ತದೆ. ಹಳೆಯ ಲೇಖನ ನೋಡಿ ಸೆಟ್ ಮಾಡಿದವರಿಗೆ ಫೇಲ್‌ಟುಬ್ಯಾನ್ ಶುರುವಾಗುವುದೇ ಇಲ್ಲ, ಎಸ್‌ಎಸ್‌ಎಚ್‌ಡಿ ಜೈಲ್‌ಗೆ ಲಾಗ್ ಫೈಲ್ ಸಿಗಲಿಲ್ಲ ಎನ್ನುತ್ತದೆ. ಪರಿಹಾರ: ಪೈಥಾನ್3-ಸಿಸ್ಟಮ್‌ಡಿ ಪ್ಯಾಕೇಜ್ ಹಾಕಿ, ಜೈಲ್‌ನಲ್ಲಿ ಬ್ಯಾಕೆಂಡ್ = ಸಿಸ್ಟಮ್‌ಡಿ ಎಂದು ಬರೆಯಿರಿ. ಇದು ಕೂಗಿ ಹೇಳುವ ದೋಷವಾದ್ದರಿಂದ ಪರವಾಗಿಲ್ಲ.

ಕೂಗದ ದೋಷ ಇದು. 2024ರ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಎಸ್‌ಎಸ್‌ಎಚ್‌ಡಿ ಪ್ರೋಗ್ರಾಮನ್ನು ಎರಡಾಗಿ ಒಡೆದರು. ಕನೆಕ್ಷನ್ ಕೇಳಿಸಿಕೊಳ್ಳುವುದು ಎಸ್‌ಎಸ್‌ಎಚ್‌ಡಿ, ಬಂದ ಪ್ರತಿಯೊಬ್ಬರನ್ನು ನೋಡಿಕೊಳ್ಳುವುದು ಎಸ್‌ಎಸ್‌ಎಚ್‌ಡಿ-ಸೆಶನ್. ಲಾಗಿನ್ ತಪ್ಪಿದ ಸಾಲು ಈಗ ಎರಡನೆಯದರ ಹೆಸರಲ್ಲಿ ಬೀಳುತ್ತದೆ. ಹಳೆಯ ಫಿಲ್ಟರ್ (ಲಾಗ್‌ನಲ್ಲಿ ಯಾವ ಸಾಲು ತಪ್ಪೆಂದು ಗುರುತಿಸುವ ಫೈಲ್) ಎಸ್‌ಎಸ್‌ಎಚ್‌ಡಿ ಎಂಬ ಹೆಸರನ್ನಷ್ಟೇ ಹುಡುಕುತ್ತದೆ, ಸಿಗುವುದಿಲ್ಲ, ಸುಮ್ಮನಿರುತ್ತದೆ. ಫೇಲ್‌ಟುಬ್ಯಾನ್-ಕ್ಲೈಂಟ್ ಸ್ಟೇಟಸ್ ಎಸ್‌ಎಸ್‌ಎಚ್‌ಡಿ ಎಂದು ಕೊಟ್ಟು ನೋಡಿ. ಜರ್ನಲ್‌ನಲ್ಲಿ ತಪ್ಪು ಲಾಗಿನ್‌ಗಳು ಸುರಿಯುತ್ತಿದ್ದರೂ ಇಲ್ಲಿ ಟೋಟಲ್ ಫೇಲ್ಡ್ ಸೊನ್ನೆ ಇದ್ದರೆ ಕಾರಣ ಬಹುತೇಕ ಇದೇ. ಎಸ್‌ಎಸ್‌ಎಚ್‌ಡಿ.ಲೋಕಲ್ ಫಿಲ್ಟರ್ ಫೈಲ್‌ನಲ್ಲಿ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಹೆಸರಿನ ಕೊನೆಗೆ ಐಚ್ಛಿಕ ಸೆಶನ್ ಭಾಗ ಸೇರಿಸಿ, ಜರ್ನಲ್‌ಮ್ಯಾಚ್‌ನಲ್ಲಿ ನಿಮ್ಮ ಸಿಸ್ಟಂನ ಯೂನಿಟ್ ಹೆಸರನ್ನು ಸರಿಯಾಗಿ ಕೊಡಿ. ಡೆಬಿಯನ್, ಉಬುಂಟುಗಳಲ್ಲಿ ಅದು ಎಸ್‌ಎಸ್‌ಎಚ್.ಸರ್ವಿಸ್, ಕೊನೆಯಲ್ಲಿ ಡಿ ಇಲ್ಲ.

ಕೀ ಮಾತ್ರ ಇರುವ ಸರ್ವರ್‌ನಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. ರೂಟ್ ಹೆಸರಲ್ಲಿ ಬಂದ ಬಾಟ್ ಪಾಸ್‌ವರ್ಡ್ ಕೇಳುವುದಿಲ್ಲವೆಂದು ತಿಳಿದು ಕನೆಕ್ಷನ್ ಮುಚ್ಚಿ ಹೋಗುತ್ತದೆ. ಸಾಮಾನ್ಯ ಮೋಡ್‌ನಲ್ಲಿ ಈ ಸಾಲು ತಪ್ಪೆಂದು ಎಣಿಕೆಯಾಗುವುದಿಲ್ಲ. ಜೈಲ್‌ನಲ್ಲಿ ಮೋಡ್ = ಅಗ್ರೆಸಿವ್ ಎಂದರೆ ಎಣಿಕೆಯಾಗುತ್ತದೆ. ಆದರೆ ಆಗ ಪೋರ್ಟ್ ತೆರೆದಿದೆಯೇ ಎಂದು ತಟ್ಟಿ ನೋಡುವ ನಿಮ್ಮದೇ ಮಾನಿಟರಿಂಗ್ ಕೂಡ ಬ್ಯಾನ್ ಆಗಬಹುದು, ಅದರ ಐಪಿಯನ್ನು ಇಗ್ನೋರ್‌ಐಪಿಗೆ (ಎಂದೂ ಬ್ಯಾನ್ ಮಾಡಬಾರದ ಐಪಿಗಳ ಪಟ್ಟಿ) ಮೊದಲೇ ಹಾಕಿಡಿ.

ಸಮಯದ ವಲಯ ಇನ್ನೊಂದು ಗುಪ್ತ ಶತ್ರು, ಭಾರತದಲ್ಲಿ ಸರ್ವರ್ ಇಟ್ಟವರನ್ನು ವಿಶೇಷವಾಗಿ ಕಾಡುವಂಥದ್ದು. ಸರ್ವರ್ ಗಡಿಯಾರ ಭಾರತೀಯ ಕಾಲಮಾನದಲ್ಲಿದೆ, ಕಂಟೇನರ್ (ಡಾಕರ್‌ನಂಥ ಸಾಧನ ಆ್ಯಪ್ ಓಡಿಸುವ ಪ್ರತ್ಯೇಕ ಆವರಣ) ಒಳಗಿನ ಆ್ಯಪ್ ಜಾಗತಿಕ ಕಾಲಮಾನವಾದ ಯುಟಿಸಿಯಲ್ಲಿ ಬರೆಯುತ್ತದೆ, ಲಾಗ್ ಸಾಲಿನಲ್ಲಿ ವಲಯದ ಗುರುತು ಇಲ್ಲ ಎಂದುಕೊಳ್ಳಿ. ಈಗಷ್ಟೇ ಬಿದ್ದ ಸಾಲು ಫೇಲ್‌ಟುಬ್ಯಾನ್ ಕಣ್ಣಿಗೆ ಐದೂವರೆ ಗಂಟೆ ಹಳೆಯದು. ಫೈಂಡ್‌ಟೈಮ್ 10 ನಿಮಿಷ ಇದ್ದರೆ ಪ್ರತಿಯೊಂದು ಸಾಲೂ ಅವಧಿ ಮೀರಿದ್ದೇ. ಹಳೆಯ ಆವೃತ್ತಿಗಳಲ್ಲಿ ಯಾರೂ ಎಂದೂ ಬ್ಯಾನ್ ಆಗುವುದಿಲ್ಲ. ಹೊಸ ಆವೃತ್ತಿಗಳು ಅಂಥ ಸಾಲನ್ನು ಈಗಷ್ಟೇ ಬಂದದ್ದೆಂದು ಎಣಿಸಿ, ತಮ್ಮ ಲಾಗ್‌ನಲ್ಲಿ ಟೈಮ್‌ಝೋನ್ ಸಮಸ್ಯೆ ಇರಬಹುದೆಂದು ಎಚ್ಚರಿಸುತ್ತವೆ, ಅದನ್ನು ಹುಡುಕಿ ನೋಡಿ. ಆ್ಯಪ್ ಲಾಗ್‌ನಲ್ಲಿ +0530 ಅಥವಾ +0000 ಎಂಬ ಗುರುತು ಬರುವಂತೆ ಮಾಡುವುದೇ ಶಾಶ್ವತ ಪರಿಹಾರ. ಅಂದಹಾಗೆ, ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಅನ್ವಯವಾಗುವ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಗಡಿಯಾರವನ್ನು ಎನ್‌ಟಿಪಿ ಮೂಲಕ ಸರಿಹೊಂದಿಸಬೇಕು. ಹಳೆಯ ಲಾಗ್ ತೆಗೆಯುವ ಲಾಗ್‌ರೊಟೇಟ್ ನಾಲ್ಕು ವಾರಕ್ಕೆ ಅಳಿಸುತ್ತಿದ್ದರೆ ಅದನ್ನೂ ಇದೇ ಹೊತ್ತಲ್ಲಿ ಸರಿಮಾಡಿಬಿಡಿ.

ಪ್ಯಾಕೆಟ್ ಹೋಗುವ ದಾರಿಯಲ್ಲಿ ರೂಲ್ ಇದೆಯೇ?

ಬ್ಯಾನ್ ಆಯಿತು ಎಂದು ಲಾಗ್ ಹೇಳುತ್ತದೆ, ಆದರೂ ಅದೇ ಐಪಿಯಿಂದ ರಿಕ್ವೆಸ್ಟ್ ಬರುತ್ತಲೇ ಇರುತ್ತದೆ. ಹೀಗಾದರೆ ರೂಲ್ ಒಂದು ಕಡೆ, ಪ್ಯಾಕೆಟ್ ಇನ್ನೊಂದು ಕಡೆ ಹೋಗುತ್ತಿದೆ ಎಂದರ್ಥ.

ಲಿನಕ್ಸ್‌ನ ಈಗಿನ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್‌ನ ಆ್ಯಕ್ಷನ್ (ಬ್ಯಾನ್ ಹಾಕುವ ವಿಧಾನ) ಬಳಸಿದರೆ ಫೇಲ್‌ಟುಬ್ಯಾನ್ ತನ್ನದೇ ಟೇಬಲ್ ಮಾಡಿಕೊಳ್ಳುತ್ತದೆ, ಹೆಸರು ಎಫ್2ಬಿ-ಟೇಬಲ್. ಅದರೊಳಗೆ ಜೈಲ್‌ಗೊಂದು ಸೆಟ್. ಇದು ಇನ್‌ಪುಟ್ ಹುಕ್‌ನಲ್ಲಿ (ಸರ್ವರ್‌ಗೇ ಬರುವ ಪ್ಯಾಕೆಟ್ ಹಾದುಹೋಗುವ ಜಾಗ) ಸಾಮಾನ್ಯ ಫಿಲ್ಟರ್‌ಗಿಂತ ಒಂದು ಹೆಜ್ಜೆ ಮುಂದೆ, -1 ಪ್ರಯಾರಿಟಿಯಲ್ಲಿ ಕೂರುತ್ತದೆ. ಎನ್‌ಎಫ್‌ಟೇಬಲ್ಸ್‌ನಲ್ಲಿ ಡ್ರಾಪ್ ಅಥವಾ ರಿಜೆಕ್ಟ್ ಅಂತಿಮ, ಆದರೆ ಒಂದು ಬೇಸ್ ಚೈನ್‌ನ (ಹುಕ್‌ಗೆ ಕಟ್ಟಿದ ರೂಲ್‌ಗಳ ಸರಣಿ) ಅಕ್ಸೆಪ್ಟ್ ಮುಂದಿನ ಬೇಸ್ ಚೈನನ್ನು ತಪ್ಪಿಸುವುದಿಲ್ಲ. ಆದ್ದರಿಂದ ನಿಮ್ಮ ಸ್ವಂತ ರೂಲ್‌ಗಳಲ್ಲಿ 22 ತೆರೆದಿದ್ದರೂ ಬ್ಯಾನ್ ನಡೆಯುತ್ತದೆ. ಸೆಟ್‌ನಲ್ಲಿ ಹುಡುಕಾಟ ಒಂದೊಂದಾಗಿ ನಡೆಯುವುದಿಲ್ಲ. ಹಳೆಯ ಐಪಿಟೇಬಲ್ಸ್ ಪದ್ಧತಿಯಲ್ಲಿ ಐಪಿಗೊಂದು ರೂಲ್ ಹಾಕಿದರೆ ಪ್ರತಿ ಪ್ಯಾಕೆಟ್ಟೂ ಸಾವಿರಾರು ರೂಲ್‌ಗಳನ್ನು ಒಂದೊಂದಾಗಿ ದಾಟಬೇಕು. ಹೊಸದಾಗಿ ಮಾಡುವವರು ಎನ್‌ಎಫ್‌ಟೇಬಲ್ಸನ್ನೇ ಆರಿಸಿಕೊಳ್ಳಿ.

ಒಂದು ಬಲೆ ಇದೆ. ಎನ್‌ಎಫ್‌ಟೇಬಲ್ಸ್.ಕಾನ್ಫ್ ಫೈಲ್‌ನ ಮೊದಲ ಆದೇಶ ಸಾಮಾನ್ಯವಾಗಿ ಫ್ಲಶ್ ರೂಲ್‌ಸೆಟ್, ಅಂದರೆ ಇರುವ ರೂಲ್‌ಗಳನ್ನೆಲ್ಲ ಅಳಿಸು ಎಂದು. ನಿಮ್ಮ ರೂಲ್ ಬದಲಿಸಿ ಆ ಸರ್ವಿಸನ್ನು ರಿಸ್ಟಾರ್ಟ್ ಮಾಡಿದ ಕ್ಷಣ ಎಫ್2ಬಿ-ಟೇಬಲ್ ಕೂಡ ಅಳಿಸಿಹೋಗುತ್ತದೆ. ಫೇಲ್‌ಟುಬ್ಯಾನ್‌ಗೆ ಇದು ಗೊತ್ತಾಗುವುದಿಲ್ಲ. ಸ್ಟೇಟಸ್ ಕೇಳಿದರೆ ನೂರು ಐಪಿ ಬ್ಯಾನ್ ಆಗಿವೆ ಎನ್ನುತ್ತದೆ, ಕರ್ನಲ್‌ನಲ್ಲಿ ಒಂದೂ ಇರುವುದಿಲ್ಲ. ಫೇಲ್‌ಟುಬ್ಯಾನ್ ಸರ್ವಿಸ್‌ಗೆ ಸಿಸ್ಟಮ್‌ಡಿ ಡ್ರಾಪ್-ಇನ್ ಫೈಲ್ ಮಾಡಿ, ಯೂನಿಟ್ ಭಾಗದಲ್ಲಿ ಪಾರ್ಟ್‌ಆಫ್ = ಎನ್‌ಎಫ್‌ಟೇಬಲ್ಸ್.ಸರ್ವಿಸ್ ಎಂದು ಬರೆದರೆ, ಅದು ರಿಸ್ಟಾರ್ಟ್ ಆದಾಗ ಇದೂ ಆಗುತ್ತದೆ. ಹಳೆಯ ಬ್ಯಾನ್‌ಗಳನ್ನು ತನ್ನ ಎಸ್‌ಕ್ಯೂಲೈಟ್ ಡೇಟಾಬೇಸ್‌ನಿಂದ ಎತ್ತಿ ಮತ್ತೆ ಹಾಕಿಕೊಳ್ಳುತ್ತದೆ.

ಡಾಕರ್ ಇದ್ದರೆ ಕಥೆಯೇ ಬೇರೆ. ಕಂಟೇನರ್‌ಗೆ ಪಬ್ಲಿಶ್ ಮಾಡಿದ ಪೋರ್ಟ್‌ಗೆ ಬರುವ ಪ್ಯಾಕೆಟ್ ಇನ್‌ಪುಟ್ ಚೈನ್‌ಗೆ ಬರುವುದೇ ಇಲ್ಲ, ಫಾರ್ವರ್ಡ್ ಮೂಲಕ ನೇರ ಒಳಗೆ ಹೋಗುತ್ತದೆ. ಯುಎಫ್‌ಡಬ್ಲ್ಯುನಲ್ಲಿ (ಉಬುಂಟುವಿನ ಸರಳ ಫೈರ್‌ವಾಲ್ ಸಾಧನ) ಪೋರ್ಟ್ ಮುಚ್ಚಿದ್ದೇನೆ, ಆದರೂ ಹೊರಗಿನಿಂದ ತೆರೆದಿದೆ ಎಂದು ಜನ ಗಾಬರಿಯಾಗುವುದೂ ಇದಕ್ಕೇ. ಇಲ್ಲಿ ಐಪಿಟೇಬಲ್ಸ್ ಆ್ಯಕ್ಷನ್ ಬಳಸಿ, ಚೈನ್ = ಡಾಕರ್-ಯೂಸರ್ ಎಂದು ಜೈಲ್‌ನಲ್ಲಿ ಕೊಡಬೇಕು. ಆದರೂ ಕೆಲಸ ಮಾಡದಿರಬಹುದು, ಕಾರಣ ಸೂಕ್ಷ್ಮ: ಪ್ಯಾಕೆಟ್ ಈ ಚೈನ್ ತಲುಪುವ ಹೊತ್ತಿಗೆ ಅದರ ಗುರಿ ಪೋರ್ಟ್ ಬದಲಾಗಿರುತ್ತದೆ. ಹೊರಗೆ 443, ಕಂಟೇನರ್‌ನಲ್ಲಿ 8443 ಇದ್ದರೆ, 443 ತಡೆಯುವ ರೂಲ್‌ಗೆ ಅದು ಹೊಂದುವುದಿಲ್ಲ. ಮಲ್ಟಿಪೋರ್ಟ್ ಬದಲು ಐಪಿಟೇಬಲ್ಸ್-ಆಲ್‌ಪೋರ್ಟ್ಸ್ ಆ್ಯಕ್ಷನ್ ಹಾಕಿ. ಫೇಲ್‌ಟುಬ್ಯಾನ್ ಡಾಕರ್ ನಂತರ ಶುರುವಾಗುವಂತೆಯೂ ನೋಡಿಕೊಳ್ಳಿ, ಇಲ್ಲದಿದ್ದರೆ ಬೂಟ್ ಆದಾಗ ಆ ಚೈನ್ ಇನ್ನೂ ಹುಟ್ಟಿರುವುದಿಲ್ಲ.

ಕ್ಲೌಡ್‌ಫ್ಲೇರ್‌ನಂಥ ಪ್ರಾಕ್ಸಿಯ (ಓದುಗರಿಗೂ ನಿಮ್ಮ ಸರ್ವರ್‌ಗೂ ನಡುವೆ ನಿಲ್ಲುವ ಸರ್ವರ್) ಹಿಂದೆ ಇರುವ ಸೈಟ್‌ಗಳಿಗೆ ಇನ್ನೂ ಒಂದು ಸುತ್ತು ಯೋಚನೆ ಬೇಕು. ಏನೂ ಮಾಡದಿದ್ದರೆ ನಿಮ್ಮ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಲಾಗ್‌ನಲ್ಲಿ ಪ್ರಾಕ್ಸಿಯ ಐಪಿ ಬೀಳುತ್ತದೆ, ನೀವು ಪ್ರಾಕ್ಸಿಯನ್ನೇ ಬ್ಯಾನ್ ಮಾಡುತ್ತೀರಿ, ನಿಮ್ಮ ಓದುಗರಲ್ಲಿ ಅರ್ಧ ಜನಕ್ಕೆ ಸೈಟ್ ತೆರೆಯುವುದಿಲ್ಲ. ರಿಯಲ್‌ಐಪಿ ಮಾಡ್ಯೂಲ್ ಸೆಟ್ ಮಾಡಿ ನಿಜವಾದ ಐಪಿ ಬರಿಸಿದರೆ ಲಾಗ್ ಸರಿಯಾಯಿತು, ಬ್ಲಾಕ್ ಮಾತ್ರ ಈಗಲೂ ಬೀಳದು: ನಿಮ್ಮ ಫೈರ್‌ವಾಲ್‌ಗೆ ಕಾಣುವ ಪ್ಯಾಕೆಟ್‌ನ ಮೂಲ ವಿಳಾಸ ಪ್ರಾಕ್ಸಿಯದೇ. ಬ್ಯಾನನ್ನು ಪ್ರಾಕ್ಸಿಯ ಎಪಿಐ ಮೂಲಕ ಅಲ್ಲೇ ಹಾಕಬೇಕು (ಫೇಲ್‌ಟುಬ್ಯಾನ್ ಜೊತೆಗೇ ಕ್ಲೌಡ್‌ಫ್ಲೇರ್-ಟೋಕನ್ ಎಂಬ ಆ್ಯಕ್ಷನ್ ಬರುತ್ತದೆ), ಇಲ್ಲವೇ ಎಂಜಿನ್‌ಎಕ್ಸ್‌ನ ಡಿನೈ ಪಟ್ಟಿಗೆ ಸೇರಿಸಬೇಕು. ನಿಮ್ಮ ಫೈರ್‌ವಾಲ್ ಮಾಡಬೇಕಾದದ್ದು 80, 443ನೇ ಪೋರ್ಟ್‌ಗಳನ್ನು ಪ್ರಾಕ್ಸಿಯ ಪ್ರಕಟಿತ ರೇಂಜ್‌ಗಳಿಗೆ ಮಾತ್ರ ತೆರೆಯುವುದು. ನಿಜವಾದ ಐಪಿ ಹೊತ್ತು ಬರುವ ಹೆಡರ್ ನಂಬುವಾಗಲೂ ಆ ರೇಂಜ್‌ಗಳಿಂದ ಬಂದದ್ದನ್ನು ಮಾತ್ರ ನಂಬಿ. ಎಲ್ಲರನ್ನೂ ನಂಬಿದರೆ ಯಾರು ಬೇಕಾದರೂ ಇನ್ನೊಬ್ಬರ ಐಪಿಯನ್ನು ಹೆಡರ್‌ನಲ್ಲಿ ಬರೆದು ಕಳಿಸಿ ಅವರನ್ನು ನಿಮ್ಮ ಕೈಯಿಂದಲೇ ಬ್ಯಾನ್ ಮಾಡಿಸಬಹುದು.

ಬ್ಲಾಕ್ ಆಗುತ್ತಿರುವುದು ಯಾರು?

ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಕಾದ ಭಾಗ ಇದು. ನಮ್ಮಲ್ಲಿ ಮೊಬೈಲ್ ಇಂಟರ್ನೆಟ್ ಬಳಸುವವರಿಗೆ ಸ್ವಂತ ಐಪಿವಿ4 ವಿಳಾಸ ಸಾಮಾನ್ಯವಾಗಿ ಇರುವುದಿಲ್ಲ. ಕಂಪನಿಯವರು ಸಿಜಿನ್ಯಾಟ್ ಇಟ್ಟು ಬಹಳ ಗ್ರಾಹಕರನ್ನು ಒಂದೇ ಪಬ್ಲಿಕ್ ಐಪಿಯ ಹಿಂದೆ ಕೂರಿಸಿರುತ್ತಾರೆ, ಇಡೀ ವಠಾರಕ್ಕೆ ಒಂದೇ ಬೀದಿ ಬಾಗಿಲು ಇದ್ದ ಹಾಗೆ. ಒಬ್ಬನ ಫೋನ್‌ನಲ್ಲಿರುವ ಮಾಲ್‌ವೇರ್‌ಗಾಗಿ ನೀವು ಆ ಐಪಿಯನ್ನು ಒಂದು ವಾರ ಮುಚ್ಚಿದರೆ, ಹಾಸನದಲ್ಲಿ ಕೂತು ನಿಮ್ಮ ಸೈಟ್‌ನಲ್ಲಿ ಫಲಿತಾಂಶ ನೋಡುತ್ತಿರುವ ವಿದ್ಯಾರ್ಥಿಗೆ ಬರೀ ಖಾಲಿ ಪುಟ. ಕಾರಣ ಏನೆಂದು ಅವರಿಗೆ ಎಂದೂ ಗೊತ್ತಾಗದು. ಎಸ್‌ಎಸ್‌ಎಚ್ ಬ್ಯಾನ್ 22ನೇ ಪೋರ್ಟ್‌ಗೆ ಮಾತ್ರ ಇರಲಿ, ವೆಬ್ ಬ್ಯಾನ್ ನಿಮಿಷಗಳ ಲೆಕ್ಕದಲ್ಲಿರಲಿ. ವಾರಗಟ್ಟಲೆಯದು ಕ್ಲೌಡ್ ಮತ್ತು ಹೋಸ್ಟಿಂಗ್ ರೇಂಜ್‌ಗಳಿಗೆ ಸಾಕು.

ಐಪಿವಿ6ನಲ್ಲಿ ತೊಂದರೆ ತಿರುಗುಮುರುಗು. ಅಲ್ಲಿ ಒಬ್ಬ ಗ್ರಾಹಕನಿಗೇ ಸಾಮಾನ್ಯವಾಗಿ ಇಡೀ ಒಂದು /64 (ಮೊದಲ 64 ಬಿಟ್ ಒಂದೇ ಇರುವ ವಿಳಾಸಗಳ ಭಾರಿ ಗುಂಪು) ಸಿಗುತ್ತದೆ. ಫೇಲ್‌ಟುಬ್ಯಾನ್ ತಾನಾಗಿ ಒಂದೇ ವಿಳಾಸವನ್ನು ಎಣಿಸುತ್ತದೆ, ದಾಳಿಕೋರ ಪ್ರತಿ ಪ್ರಯತ್ನಕ್ಕೂ ಹೊಸ ವಿಳಾಸ ಬಳಸಬಹುದು. ಎನ್‌ಎಫ್‌ಟೇಬಲ್ಸ್‌ನಲ್ಲಿ ಮೂಲ ವಿಳಾಸದ ಮೊದಲ 64 ಬಿಟ್ ಮಾತ್ರ ಉಳಿಸುವ ಮಾಸ್ಕ್ ಹಾಕಿ ಡೈನಾಮಿಕ್ ಸೆಟ್ (ಪ್ಯಾಕೆಟ್ ಬಂದಂತೆ ತಾನೇ ತುಂಬಿಕೊಳ್ಳುವ ಪಟ್ಟಿ) ಮಾಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಎಷ್ಟು ಬಿಟ್‌ವರೆಗೆ ಒಂದೇ ಮೂಲವೆಂದು ಎಣಿಸಬೇಕೆಂಬ ಪರ್‌ಸೋರ್ಸ್‌ನೆಟ್‌ಬ್ಲಾಕ್‌ಸೈಝ್ ಡೀಫಾಲ್ಟ್ 32:128 ಇರುತ್ತದೆ, ಅದನ್ನು 32:64 ಮಾಡಿ. 9.8ರಿಂದ ಬಂದಿರುವ ಪರ್‌ಸೋರ್ಸ್‌ಪೆನಾಲ್ಟೀಸ್ ಎಂಬ ಒಳಗಿನದೇ ಶಿಕ್ಷೆಯೂ ಆಗ ಇಡೀ /64ಗೆ ಅನ್ವಯಿಸುತ್ತದೆ.

ಲಾಗ್ ಓದದೆ ಕರ್ನಲ್‌ನಲ್ಲೇ ಎಣಿಸುವ ಈ ಡೈನಾಮಿಕ್ ಸೆಟ್ ಬಹಳ ಚುರುಕು: ನಿಮಿಷಕ್ಕೆ ಹತ್ತಕ್ಕಿಂತ ಹೆಚ್ಚು ಹೊಸ ಕನೆಕ್ಷನ್ ತೆರೆದ ಐಪಿಯನ್ನು ಒಂದು ಗಂಟೆ ಟೈಮ್‌ಔಟ್ ಇರುವ ಸೆಟ್‌ಗೆ ಸೇರಿಸು ಎನ್ನುವ ಒಂದು ರೂಲ್, ಆ ಸೆಟ್‌ನಲ್ಲಿರುವ ಐಪಿಗಳನ್ನು ತಡೆಯುವ ಇನ್ನೊಂದು ರೂಲ್ ಸಾಕು. ಸೈಝ್ ಮರೆಯಬೇಡಿ, 65535 ಇಟ್ಟರೆ ಮೆಮೊರಿ ಮಿತಿಯಲ್ಲಿರುತ್ತದೆ. ಆ್ಯಡ್ ಎಂದರೆ ಸೇರಿದ ಹೊತ್ತಿನಿಂದ ಲೆಕ್ಕ, ಅಪ್‌ಡೇಟ್ ಎಂದರೆ ಪ್ರತಿ ಸಲ ತಟ್ಟಿದಾಗಲೂ ಗಡಿಯಾರ ಮೊದಲಿನಿಂದ. ಆದರೆ ಇಲ್ಲೊಂದು ಅಪಾಯವಿದೆ. ಎಸ್‌ಎಸ್‌ಎಚ್ ಲಾಗ್‌ನಲ್ಲಿ ಬಿದ್ದ ಐಪಿ ಟಿಸಿಪಿ ಹ್ಯಾಂಡ್‌ಶೇಕ್ ಮುಗಿಸಿ ಬಂದದ್ದು, ಹಾಗಾಗಿ ಅಸಲಿ. ಬರೀ ಸಿನ್ ಪ್ಯಾಕೆಟ್ (ಕನೆಕ್ಷನ್ ಕೇಳುವ ಮೊದಲ ಪ್ಯಾಕೆಟ್) ಎಣಿಸಿದರೆ ಮೂಲ ವಿಳಾಸ ಸುಳ್ಳಾಗಿರಬಹುದು, ಯುಡಿಪಿಯಲ್ಲಂತೂ ಇನ್ನೂ ಸುಲಭ. ನಿಮ್ಮ ಡಿಎನ್‌ಎಸ್ ರಿಸಾಲ್ವರ್‌ನ ಹೆಸರಲ್ಲಿ ಸುಳ್ಳು ಪ್ಯಾಕೆಟ್ ಕಳಿಸಿ ಅದನ್ನೇ ಬ್ಲಾಕ್ ಮಾಡಿಸಲು ಸಾಧ್ಯ. ಯುಡಿಪಿ ಮೇಲೆ ರೇಟ್ ಮಿತಿ ಇಡಿ, ಆಟೊಮ್ಯಾಟಿಕ್ ಬ್ಯಾನ್ ಇಡಬೇಡಿ. ಗೇಟ್‌ವೇ, ರಿಸಾಲ್ವರ್, ಬ್ಯಾಕಪ್ ಸರ್ವರ್‌ಗಳಿಗೆ ಅನುಮತಿ ಕೊಡುವ ಸಾಲು ಈ ರೂಲ್‌ಗಿಂತ ಮೇಲಿರಬೇಕು.

ವೆಬ್ ಲಾಗ್‌ಗೆ ಸ್ವಂತ ಫಿಲ್ಟರ್ ಬರೆಯುವವರು ರೆಜೆಕ್ಸನ್ನು (ಹುಡುಕಬೇಕಾದ ಸಾಲಿನ ಮಾದರಿ) ಸಾಲಿನ ಆರಂಭಕ್ಕೆ ಕಟ್ಟಿ. ಬಳಕೆದಾರ ಹೆಸರು, ಯುಆರ್‌ಎಲ್, ಯೂಸರ್ ಏಜೆಂಟ್ ಇವೆಲ್ಲ ದಾಳಿಕೋರ ಬರೆಯಬಲ್ಲ ಜಾಗಗಳು. ಸಡಿಲ ರೆಜೆಕ್ಸ್ ಇದ್ದರೆ ಅಲ್ಲಿ ತೂರಿಸಿದ ಐಪಿಯೇ ಹೊಂದಿಬಿಡುತ್ತದೆ. 404 (ಪುಟ ಸಿಗಲಿಲ್ಲ ಎಂಬ ಉತ್ತರ) ಎಣಿಸಿ ಬ್ಯಾನ್ ಮಾಡುವ ಜೈಲ್ ಬೇಡ. ನಿಮ್ಮದೇ ಪುಟದಲ್ಲಿ ಆರು ಚಿತ್ರಗಳ ಲಿಂಕ್ ಮುರಿದಿದ್ದರೆ ಬಂದ ಓದುಗರೆಲ್ಲ ಹೊರಗೆ. ವರ್ಡ್‌ಪ್ರೆಸ್ ಲಾಗಿನ್ ಕಾಯುವುದಾದರೆ ಒಂದು ಗುರುತು ನೆನಪಿಡಿ: ಪಾಸ್‌ವರ್ಡ್ ತಪ್ಪಿದಾಗ ಅದು 200 ಕೊಡುತ್ತದೆ, ಸರಿಯಾದಾಗ 302. ಆದ್ದರಿಂದ ಡಬ್ಲ್ಯುಪಿ-ಲಾಗಿನ್‌ಗೆ ಹೋದ ಪೋಸ್ಟ್ ರಿಕ್ವೆಸ್ಟ್‌ಗಳಲ್ಲಿ 200 ಬಂದವನ್ನು ಮಾತ್ರ ಎಣಿಸಬೇಕು. ಬರೆದ ಫಿಲ್ಟರನ್ನು ಜೈಲ್‌ಗೆ ಹಾಕುವ ಮುಂಚೆ ಫೇಲ್‌ಟುಬ್ಯಾನ್-ರೆಜೆಕ್ಸ್ ಕಮಾಂಡ್‌ಗೆ ಲಾಗ್ ಫೈಲ್ ಮತ್ತು ಫಿಲ್ಟರ್ ಫೈಲ್ ಎರಡನ್ನೂ ಕೊಟ್ಟು ಎಷ್ಟು ಸಾಲು ಹೊಂದಿತು, ಎಷ್ಟು ತಪ್ಪಿತು ನೋಡಿ.

ಸಿದ್ಧ ಪಟ್ಟಿಗಳಲ್ಲಿ ಸ್ಪ್ಯಾಮ್ ವಿರೋಧಿ ಸಂಸ್ಥೆ ಸ್ಪ್ಯಾಮ್‌ಹಾಸ್‌ನ ಡ್ರಾಪ್ ಪಟ್ಟಿಯನ್ನು ಧೈರ್ಯವಾಗಿ ಹಾಕಬಹುದು, ಅದರಲ್ಲಿರುವುದು ದುಷ್ಕರ್ಮಿಗಳ ಹಿಡಿತದಲ್ಲಿರುವ ಅಥವಾ ಕದ್ದ ಇಡೀ ನೆಟ್‌ಬ್ಲಾಕ್‌ಗಳು. ಇಂಟರ್ವಲ್ ಫ್ಲ್ಯಾಗ್ (ಒಂಟಿ ಐಪಿಯಲ್ಲದೆ ಇಡೀ ರೇಂಜನ್ನೂ ಹಿಡಿಯಲು) ಇರುವ ಸೆಟ್‌ಗೆ ದಿನಕ್ಕೊಮ್ಮೆ ತುಂಬಿದರೆ ಸಾಕು. ಡೌನ್‌ಲೋಡ್ ಖಾಲಿ ಬಂದರೆ ಹಳೆಯ ಸೆಟ್ ಹಾಗೇ ಉಳಿಯುವಂತೆ ಸ್ಕ್ರಿಪ್ಟ್‌ನಲ್ಲಿ ಒಂದು ಪರೀಕ್ಷೆ ಇರಲಿ.

ಕೊನೆಗೆ ಆನ್ ಮಾಡುವ ಕ್ರಮ. ಇಗ್ನೋರ್‌ಐಪಿಯಲ್ಲಿ 127.0.0.1/8, ::1 ಮತ್ತು ನಿಮ್ಮ ವಿಪಿಎನ್ ರೇಂಜ್ ಇರಲಿ. ಮನೆಯ ಬ್ರಾಡ್‌ಬ್ಯಾಂಡ್ ಐಪಿ ಬದಲಾಗುತ್ತಿರುತ್ತದೆ, ಅದನ್ನು ನೆಚ್ಚಬೇಡಿ. ಎಸ್‌ಎಸ್‌ಎಚ್ ಏಜೆಂಟ್‌ನಲ್ಲಿ (ಕೀಗಳನ್ನು ನೆನಪಿಟ್ಟುಕೊಳ್ಳುವ ಪ್ರೋಗ್ರಾಂ) ಏಳೆಂಟು ಕೀ ತುಂಬಿಕೊಂಡಿದ್ದರೆ, ಸರಿಯಾದ ಕೀ ಸರದಿ ಬರುವ ಮುಂಚೆಯೇ ಮ್ಯಾಕ್ಸ್‌ಆತ್‌ಟ್ರೈಸ್‌ನ (ಒಂದು ಕನೆಕ್ಷನ್‌ನಲ್ಲಿ ಮಾಡಬಹುದಾದ ಪ್ರಯತ್ನಗಳ ಮಿತಿ) 6 ಮುಗಿದು ನೀವೇ ತಪ್ಪಿನ ಲೆಕ್ಕಕ್ಕೆ ಸೇರುತ್ತೀರಿ. ಕ್ಲೈಂಟ್ ಕಡೆ ಐಡೆಂಟಿಟೀಸ್‌ಓನ್ಲಿ ಯೆಸ್ ಹಾಕಿ. ಫೇಲ್‌ಟುಬ್ಯಾನ್-ಕ್ಲೈಂಟ್ -ಟಿ ಎಂದು ಕೊಟ್ಟು ಕಾನ್ಫಿಗ್ ಪರೀಕ್ಷಿಸಿ. ಬಾಡಿಗೆ ಸರ್ವರ್ ಆದರೆ ಕಂಪನಿಯ ವೆಬ್ ಕನ್ಸೋಲ್ ತೆರೆಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಸಿಸ್ಟಮ್‌ಡಿ-ರನ್ ಬಳಸಿ ಹತ್ತು ನಿಮಿಷದ ನಂತರ ಫೇಲ್‌ಟುಬ್ಯಾನ್ ನಿಲ್ಲುವಂತೆ ಟೈಮರ್ ಇಡಿ, ಅದು ನಿಂತರೆ ತನ್ನ ರೂಲ್‌ಗಳನ್ನು ತಾನೇ ತೆಗೆಯುತ್ತದೆ.

ಈಗ ಸರ್ವಿಸ್ ಶುರು ಮಾಡಿ, ಫೋನ್‌ನ ಹಾಟ್‌ಸ್ಪಾಟ್‌ಗೆ ಇನ್ನೊಂದು ಲ್ಯಾಪ್‌ಟಾಪ್ ಸೇರಿಸಿ, ಇಲ್ಲದ ಬಳಕೆದಾರರ ಹೆಸರಲ್ಲಿ ಐದು ಸಲ ಲಾಗಿನ್ ಆಗಲು ನೋಡಿ. ಆರನೆಯ ಸಲ ಕನೆಕ್ಷನ್ನೇ ಆಗಬಾರದು. ಸರ್ವರ್‌ನಲ್ಲಿ ಎನ್‌ಎಫ್‌ಟಿ ಲಿಸ್ಟ್ ಟೇಬಲ್ ಐನೆಟ್ ಎಫ್2ಬಿ-ಟೇಬಲ್ ಎಂದು ಕೊಟ್ಟರೆ ಹಾಟ್‌ಸ್ಪಾಟ್‌ನ ಐಪಿ ಸೆಟ್‌ನೊಳಗೆ ಕಾಣಬೇಕು. ಕಂಡ ಮೇಲೆ ಫೇಲ್‌ಟುಬ್ಯಾನ್-ಕ್ಲೈಂಟ್ ಸೆಟ್ ಎಸ್‌ಎಸ್‌ಎಚ್‌ಡಿ ಅನ್‌ಬ್ಯಾನ್‌ಐಪಿ ಎಂದು ಆ ಐಪಿ ಕೊಟ್ಟು ಬಿಡಿಸಿ, ಟೈಮರ್ ರದ್ದು ಮಾಡಿ. ಓಪನ್‌ಎಸ್‌ಎಸ್‌ಎಚ್ ಅಥವಾ ಡಾಕರ್ ಅಪ್‌ಗ್ರೇಡ್ ಆದಾಗಲೆಲ್ಲ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.